ರೈಟ್ ಎಂದರೆ ಯಾವ ಕೈ?

ಇಲಿಗೂ ಎಡಗೈ ಬಲಗೈ ಇರುತ್ತದೆ ಎಂದರೆ ನಗದವರನ್ನು ನಾನು ಕಂಡಿಲ್ಲ. ನನ್ನ ಹೆಂಡತಿಯಂತೂ ಶಿರಾದಿಂದ ಬಂದ ನೆಂಟರಿಗೆಲ್ಲ "ನಮ್ಮನೆಯವರು ವೈಜಾಗಿನಲ್ಲಿ ಇಲಿಗಳ ಕೈ ನೋಡಿ ಭವಿಷ್ಯ ಹೇಳ್ತಾರೆ" ಎಂದೇ ಹೇಳುತ್ತಿದ್ದಳು. ಹೇಳುವುದಕ್ಕೇನೂ ಕಷ್ಟವಿರಲಿಲ್ಲ. ನಮ್ಮ ಲ್ಯಾಬಿಗೆ ಬಂದ ಇಲಿಗಳೆಲ್ಲದರ ಭವಿಷ್ಯವೂ ಒಂದೇ ಆಗಿತ್ತು, ಅದಕ್ಕೆ ಕೈ ನೋಡಬೇಕಾಗಿರಲಿಲ್ಲ.

ನಾನು ನಿವೃತ್ತನಾದ ಮೇಲೆ, ಕರ್ನಾಟಕದಿಂದ ಇಲ್ಲಿನ ಔಷಧ ಕಂಪನಿಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಯಾರದೋ ಮೂಲಕ ನಂಬರು ಹಿಡಿದು ಫೋನು ಮಾಡುತ್ತಾರೆ. ಪಿ.ಜಿ. ಎಲ್ಲಿ ಚೆನ್ನಾಗಿದೆ, ಖಾರ ಕಡಿಮೆ ಹಾಕುವ ಮೆಸ್ಸು ಯಾವುದು ಎಂದೆಲ್ಲ ಕೇಳಿ, ಕೊನೆಗೆ ಮೆಲ್ಲಗೆ "ಸಾರ್, ಅನಿಮಲ್ ಹೌಸ್ ಕೆಲಸ ಹೇಗಿರತ್ತೆ?" ಅನ್ನುತ್ತಾರೆ. ಅದು ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹೆದರಿ ಊರಿಗೆ ವಾಪಸು ಹೊರಟರೆ ನನ್ನನ್ನು ಬೈಯಬೇಡಿ.

ಕೆಲಸ ಇಷ್ಟೇ. ಲಕ್ವ ಹೊಡೆದವರ ಕೈ ಮತ್ತೆ ಸ್ವಾಧೀನಕ್ಕೆ ಬರಲೆಂದು ಔಷಧ ಹುಡುಕುವವರು ಮೊದಲು ಅದನ್ನು ಇಲಿಗೆ ಕೊಟ್ಟು ನೋಡುತ್ತಾರೆ. ಇಲಿಯ ಮುಂಗಾಲು ಬರೀ ಕಾಲಲ್ಲ, ಕೈಯೂ ಹೌದು. ಚಾಚುತ್ತದೆ, ಬೆರಳು ಬಿಡಿಸುತ್ತದೆ, ಕಾಳು ಹಿಡಿದು ಮಣಿಕಟ್ಟು ತಿರುಗಿಸಿ ಬಾಯಿಗೆ ತರುತ್ತದೆ. ಅದನ್ನು ಪರೀಕ್ಷಿಸುವ ಪೆಟ್ಟಿಗೆಯೇ ನನ್ನ ಜೀವನೋಪಾಯ. ಅಕ್ರಿಲಿಕ್ಕಿನ ಪಾರದರ್ಶಕ ಗೋಡೆಗಳು, ಎದುರು ಗೋಡೆಯಲ್ಲಿ ಮೂತಿ ತೂರದ ಆದರೆ ಕೈ ತೂರುವ ಒಂದು ಸೀಳು, ಸೀಳಿನ ಹೊರಗೆ ಸಣ್ಣ ಹಲಗೆ, ಹಲಗೆಯ ಗುಳಿಯಲ್ಲಿ ಒಂದು ಸಕ್ಕರೆ ಗುಳಿಗೆ. ಹಸಿದ ಇಲಿಯನ್ನು ಒಳಗೆ ಬಿಟ್ಟರೆ ತನ್ನ ಕೈ ಯಾವುದೆಂದು ಕೆಲವೇ ದಿನಗಳಲ್ಲಿ ಅದೇ ತೋರಿಸುತ್ತದೆ. ಆಮೇಲೆ ಆ ಕೈಯನ್ನು ಆಳುವ ಮಿದುಳಿನ ಚೂರಿಗೆ ರಕ್ತ ನಿಲ್ಲಿಸುತ್ತೇವೆ. ಬಲಗೈಯ ಇಲಿಗೆ ಎಡ ಮಿದುಳು, ಎಡಗೈಯ ಇಲಿಗೆ ಬಲ ಮಿದುಳು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಕಲಿತ ಕೈ ಜೋತು ಬೀಳುತ್ತದೆ. ಔಷಧ ಕೊಟ್ಟು, ಕೈ ಬಂತೋ ಇಲ್ಲವೋ ನೋಡುತ್ತೇವೆ. ಬಂದರೂ ಬರದಿದ್ದರೂ ಕೊನೆಗೆ ಇಲಿಯನ್ನು ಕೊಲ್ಲುತ್ತೇವೆ, ಮಿದುಳು ಕೊಯ್ದು ನೋಡಬೇಕಲ್ಲ.

ಹೊರದೇಶದ ಪೆಟ್ಟಿಗೆಗೆ ದುಡ್ಡು ಸುರಿಯಲು ನಮ್ಮ ಡೈರೆಕ್ಟರಿಗೆ ಮನಸ್ಸಿರಲಿಲ್ಲ. ಅವರು ಕೂರುತ್ತಿದ್ದದ್ದು ಋಷಿಕೊಂಡದ ಮೇಲಿನ ಆಫೀಸಿನಲ್ಲಿ, ಸಮುದ್ರ ಕಾಣುವ ಕಿಟಕಿಯ ಪಕ್ಕ. ನಾವಿದ್ದದ್ದು ಅಚ್ಯುತಾಪುರಂ ದಾರಿಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ. ಅವರು ನನ್ನನ್ನು ವಿಜಯವಾಡದ ಆಟೋನಗರಕ್ಕೆ ಅಟ್ಟಿದರು. ಲಾರಿಗಳಿಗೆ ಬೋರ್ಡು, ಬಸ್ಸಿಗೆ ಕಿಟಕಿ ಮಾಡಿಕೊಡುವ ಅಂಗಡಿಯೊಂದರಲ್ಲಿ ಕೂತು, ಎದುರು ಗ್ಯಾರೇಜಿನ ಬಡಿತದ ನಡುವೆ ಕಿರುಚಿ ಕಿರುಚಿ ಅಳತೆ ಹೇಳಿದೆ. ಇಲಿಗಳಿಗೆ ಇಷ್ಟು ಚೆಂದದ ಮನೆಯೇ ಎಂದು ಅಂಗಡಿಯವನಿಗೆ ಆಶ್ಚರ್ಯ. ಪೆಟ್ಟಿಗೆ ಅಚ್ಚುಕಟ್ಟಾಗಿಯೇ ಬಂತು. ಆದರೆ ಅಕ್ರಿಲಿಕ್ಕನ್ನು ಅವರು ಅಂಟಿಸುವುದು ಕ್ಲೋರೋಫಾರಮ್ಮಿನಿಂದ ಎಂದು ನನಗೆ ಹೊಳೆದಿರಲಿಲ್ಲ. ತಂದ ದಿನವೇ ಒಳಗೆ ಬಿಟ್ಟ ಇಲಿ ಗುಳಿಗೆಯ ಕಡೆಗೆ ಕೈ ಚಾಚಿ ಹಾಗೆಯೇ ಕುಸಿದು ಮಲಗಿತು. ವಾರಗಟ್ಟಲೆ ಪೆಟ್ಟಿಗೆಗಳನ್ನು ಬಿಸಿಲಿಗೆ ಒಡ್ಡಿದೆವು. ವಾಸನೆ ಹೋದ ಮೇಲೆ ಇನ್ನೊಂದು ಬಯಲಾಯಿತು, ಸೀಳಿನ ಅಂಚನ್ನು ಅವರು ಉಜ್ಜಿರಲಿಲ್ಲ. ಇಲಿಗಳ ಮಣಿಕಟ್ಟು ಕೊಯ್ದು ಹಲಗೆಯ ಮೇಲೆ ರಕ್ತ. ಆದರೂ ಹಸಿವಿಗೆ ಅವು ಕೈ ಚಾಚುವುದನ್ನು ಬಿಡಲಿಲ್ಲ. ಅದನ್ನು ನೋಡಿದ ದಿನ ನನಗೆ ಮಧ್ಯಾಹ್ನದ ಡಬ್ಬಿ ಬಿಚ್ಚುವ ಮನಸ್ಸಾಗಲಿಲ್ಲ.

ಆ ಪೆಟ್ಟಿಗೆಗಳನ್ನು ವಿಜಯವಾಡದಿಂದ ತಂದ ಲಾರಿಯ ಕ್ಲೀನರೇ ಅಪ್ಪಲರಾಜು. ಒಡೆಯಬಾರದೆಂದು ದಾರಿಯುದ್ದಕ್ಕೂ ಹಿಂದೆ ಕೂತು ಅವನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಊರು ಗಾಜುವಾಕ, ಲಾರಿ ಸಾಕಾಗಿದೆ, ಏನಾದರೂ ಕೆಲಸ ಇದ್ದರೆ ನೋಡಿ ಎಂದ. ನಾನೇ ಹೇಳಿ ಸೇರಿಸಿದೆ. ಕಂಟ್ರಾಕ್ಟಿನ ಮೇಲೆ, ಬೋನು ತೊಳೆಯುವುದಕ್ಕೆ.

ಕೆಲಸದಲ್ಲಿ ಅವನೇನೂ ಮಹಾ ಜಾಣನಲ್ಲ. ಬೋನಿನ ಮುಚ್ಚಳ ಸರಿಯಾಗಿ ಹಾಕದೆ ಎರಡು ಸಲ ಇಲಿ ಹಾರಿಹೋಗಿ ಇಡೀ ಕಟ್ಟಡ ಹುಡುಕಿದ್ದೇವೆ. ಅದಕ್ಕಿಂತ ದೊಡ್ಡ ಕಾಟ ಅವನ ಕರುಣೆ. ನಾವು ಇಲಿಗಳನ್ನು ಅರೆಹೊಟ್ಟೆಯಲ್ಲಿ ಇಟ್ಟು ಪೆಟ್ಟಿಗೆಗೆ ಬಿಡಬೇಕು, ಇವನು ಬೆಳಿಗ್ಗೆಯೇ ಕದ್ದು ಬಿಸ್ಕತ್ತು ತಿನ್ನಿಸಿರುತ್ತಿದ್ದ. ಹೊಟ್ಟೆ ತುಂಬಿದ ಇಲಿ ಗುಳಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾರಣ ತಿಳಿಯದೆ ಒಂದು ತಂಡಕ್ಕೆ ತಂಡವೇ ದಡ್ಡ ಇಲಿಗಳೆಂದು ನಾನು ಬರೆದು ಕಳಿಸಿದ್ದೆ. ತಿಳಿದ ಮೇಲೆ ಅವನಿಗೆ ಬೈದ ಬೈಗುಳ ಗೋಡೆಗೆ ಬೈದಿದ್ದರೆ ಸುಣ್ಣ ಉದುರುತ್ತಿತ್ತು.

ಅವನ ಹೆಂಡತಿ ನೂಕಾಲಮ್ಮ ಅಚ್ಯುತಾಪುರಂ ಕಡೆಯ ಒಂದು ಸಿಗಡಿ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಐಸಿನಲ್ಲಿ ಕೈ. ಬೆರಳ ಗೆಣ್ಣುಗಳು ಊದಿ, ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ, ಪೂರ್ತಿ ಬಿಚ್ಚುತ್ತಲೂ ಇರಲಿಲ್ಲ. ಕೆಲಸ ಬಿಡದಿದ್ದರೆ ಕೈ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪ್ಪಲರಾಜು ಪರ್ಮನೆಂಟ್ ಆದ ದಿನವೇ ಬಿಡಿಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಡೈರೆಕ್ಟರು ಪ್ರತಿ ಸಂಕ್ರಾಂತಿಗೂ ಮುಂದಿನ ಸಂಕ್ರಾಂತಿಗೆ ಮಾಡೋಣ ಅನ್ನುತ್ತಿದ್ದರು. ಅಪ್ಪಲರಾಜು ಇಲಿಯ ಕೈ ಚೇತರಿಸಿತೇ ಎಂದು ಕೇಳುವಾಗಲೆಲ್ಲ ನನಗೆ ಆ ಹೆಂಗಸಿನ ಕೈಯೇ ಕಣ್ಣಿಗೆ ಬರುತ್ತಿತ್ತು.

ಗಾಜುವಾಕದ ಒಂದೇ ಸ್ಟಾಪಿನಲ್ಲಿ ಬೆಳಿಗ್ಗೆ ಇಬ್ಬರೂ ನಿಲ್ಲುತ್ತಿದ್ದರು. ಅವನು ನಮ್ಮ ಕಂಪನಿ ವ್ಯಾನಿಗೆ, ಅವಳು ಸಿಗಡಿ ಬಸ್ಸಿಗೆ. ವ್ಯಾನು ಹತ್ತಿದವನು ಬಾಗಿಲ ಬಳಿ ನಿಂತು ತಗಡು ತಟ್ಟಿ "ರೈಟ್ ರೈಟ್" ಅನ್ನುವನು. ಲಾರಿಯ ಅಭ್ಯಾಸ. ಅವನ ಬಾಯಲ್ಲಿ ರೈಟ್ ಎಂದರೆ ಆಯಿತು, ಸರಿ, ಹೊರಡೋಣ ಎಲ್ಲವೂ ಸೇರಿತು. ಸಂಜೆಯೂ ಅಷ್ಟೇ, ಎಲ್ಲರೂ ಕೂತರೆಂದು ನೋಡಿ ಅವನು ತಟ್ಟದೆ ನಮ್ಮ ಡ್ರೈವರು ಗೇರು ಹಾಕುತ್ತಿರಲಿಲ್ಲ.

ಕಡಲ ಪಕ್ಕದ ಲ್ಯಾಬಿನ ಇನ್ನೊಂದು ಪಾಠ ಹೇಳಿಬಿಡುತ್ತೇನೆ, ನಿಮಗೆ ಉಪಯೋಗಕ್ಕೆ ಬಂದೀತು. ಒಂದು ಮಳೆಗಾಲದಲ್ಲಿ ಎಲ್ಲ ಇಲಿಗಳ ಕೈಯೂ ದುರ್ಬಲವಾಯಿತು, ಏನೂ ಮಾಡದ ಆರೋಗ್ಯವಂತ ಇಲಿಗಳದ್ದೂ. ಕಾಯಿಲೆ ಹೊಕ್ಕಿದೆಯೆಂದು ಡೈರೆಕ್ಟರು ತಂಡವನ್ನೇ ಕೊಲ್ಲಿಸಿದರು. ಹಲಗೆ ತೊಳೆಯುವಾಗ ಗೊತ್ತಾಯಿತು, ಸಮುದ್ರದ ತೇವಕ್ಕೆ ಸಕ್ಕರೆ ಗುಳಿಗೆ ಬೆವೆತು ಹಲಗೆಗೇ ಅಂಟಿಕೊಂಡಿತ್ತು. ನನ್ನ ಉಗುರಿಗೇ ಬಿಡಲಿಲ್ಲ. ಸತ್ತವು ಸತ್ತವು. ಅಂದಿನಿಂದ ಗುಳಿಗೆಯ ಡಬ್ಬಿಯನ್ನು ಅಕ್ಕಿಯಲ್ಲಿ ಹೂತಿಡುತ್ತಿದ್ದೆ.

ಇಷ್ಟರಲ್ಲಿ ಹಾಸನದಿಂದ ಸಹನಾ ಬಂದಳು. ಎಂ.ಫಾರ್ಮ ಮಾಡಿದ ಹುಡುಗಿ, ಕೈ ಬಹಳ ಸೂಕ್ಷ್ಮ, ಇಲಿಯ ತಲೆಬುರುಡೆಯಲ್ಲಿ ಅವಳು ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ನೋಡುವಂತಿತ್ತು. ತೆಲುಗು ಮಾತ್ರ ಸೊನ್ನೆ. ನನಗೋ ಕೋಣೆಯಲ್ಲಿ ಕನ್ನಡ ಆಡುವ ಜೀವ ಸಿಕ್ಕಿದ ಸಂತೋಷ. ಮನೆಯಲ್ಲಿ ನನ್ನ ಮಗಳೇ ತೆಲುಗಿನಲ್ಲಿ ಜಗಳವಾಡುವವಳು. ಆಗಿನ ಪ್ರಯೋಗದಲ್ಲಿ ಔಷಧವನ್ನು ಕುಡಿಯುವ ನೀರಿಗೆ ಬೆರೆಸಿ ಅರ್ಧ ಇಲಿಗಳಿಗೆ ಕೊಡಬೇಕಿತ್ತು, ಉಳಿದರ್ಧಕ್ಕೆ ಬರೀ ನೀರು. ಅವಕ್ಕೆ ಡೈರೆಕ್ಟರು ಕೊಟ್ಟ ಇಂಗ್ಲಿಷ್ ಗುಪ್ತನಾಮಗಳು ನಮಗೆ ನಾಲಗೆಗೆ ಹತ್ತದೆ, ಸಹನಾ ಔಷಧದವನ್ನು 'ಕುಡಿಯೋವು' ಎಂದೇ ಕರೆಯುತ್ತಿದ್ದಳು.

ಈ ನಡುವೆ ಪರೀಕ್ಷೆಗೆ ಅನುಕೂಲವಾಗಲೆಂದು ಅಪ್ಪಲರಾಜು ಒಂದು ದಿನ ಬೋನುಗಳನ್ನೆಲ್ಲ ಕೈಯ ಪ್ರಕಾರ ಬೇರೆ ಮಾಡಿ ಜೋಡಿಸಿದ್ದ. ಮರುದಿನ ಸಹನಾ ನೀರಿನ ಬಾಟಲಿ ಹಿಡಿದು ಬಂದರೆ ಯಾವ ಬೋನೂ ಇದ್ದ ಜಾಗದಲ್ಲಿಲ್ಲ. ಯಾವುದು ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವನು ಬೋನು ಇಡುವ ರ್ಯಾಕಿನ ಮೇಲಿನ ಸಾಲುಗಳನ್ನು ತೋರಿಸಿ "ಇವನ್ನೀ ಕುಡಿ ಮೇಡಂ" ಎಂದ. ತೆಲುಗಿನಲ್ಲಿ ಕುಡಿ ಎಂದರೆ ಬಲ. ಇವೆಲ್ಲ ಬಲಗೈಯವು ಎಂದು ಅವನು ಹೇಳಿದ್ದು. ನಮ್ಮ ಮಾತನ್ನು ಕಲಿತುಬಿಟ್ಟಿದ್ದಾನೆ ಎಂದುಕೊಂಡು ಅವಳು ನಕ್ಕು, ಆ ಸಾಲಿಗೆಲ್ಲ ಔಷಧದ ನೀರು ಇಟ್ಟಳು. ಬೋನಿನ ಮೇಲೆ ಸಂಖ್ಯೆ ಇತ್ತು, ನೋಡಬಹುದಿತ್ತು. ಆದರೆ ಕಿವಿಗೆ ಸ್ವಂತ ಭಾಷೆ ಬಿದ್ದಾಗ ಕಣ್ಣು ಸುಮ್ಮನಾಗುತ್ತದೆ, ಪರಸ್ಥಳದಲ್ಲಿ ಬದುಕಿದವರಿಗೆ ಇದು ಗೊತ್ತು.

ಬಲಗೈಯ ಇಲಿಗಳೆಲ್ಲ ಔಷಧ ಕುಡಿದವು, ಎಡಗೈಯವಕ್ಕೆ ತೊಟ್ಟೂ ಸಿಗಲಿಲ್ಲ. ಸಂಗತಿ ಬಯಲಾಗುವ ಹೊತ್ತಿಗೆ ಪ್ರಯೋಗ ಮುಗಿಯುತ್ತ ಬಂದಿತ್ತು. ಚೇತರಿಕೆ ಔಷಧದ್ದೋ ಕೈಯದ್ದೋ ಹೇಳುವಂತಿರಲಿಲ್ಲ, ಅಷ್ಟೂ ಇಲಿಗಳನ್ನು ಏನೂ ತಿಳಿಯದೆಯೇ ಕೊಂದೆವು. ಡೈರೆಕ್ಟರು ಋಷಿಕೊಂಡದಿಂದ ಇಳಿದು ಬಂದು, ಈ ಕೋಣೆಯಲ್ಲಿ ಇನ್ನು ಮುಂದೆ ತೆಲುಗೂ ಬೇಡ, ಕನ್ನಡವೂ ಬೇಡ, ಇಂಗ್ಲಿಷ್ ಮಾತ್ರ ಎಂದು ಕಟ್ಟಪ್ಪಣೆ ಮಾಡಿದರು. ಅಪ್ಪಲರಾಜುಗೆ ಬರುವ ಇಂಗ್ಲಿಷ್ ಲಾರಿಯದು ಮಾತ್ರ ಸಾರ್ ಎಂದು ನಾನು ಹೇಳಿದೆ. ಲೆಫ್ಟ್, ರೈಟ್ ಗೊತ್ತಲ್ಲ, ಅಷ್ಟು ಸಾಕು ಎಂದರು.

ಅಷ್ಟು ಸಾಕಾಯಿತು.

ಹೊಸ ತಂಡ ಬಂತು, ಮತ್ತೆ ಹಸಿವು, ಮತ್ತೆ ತರಬೇತಿ. ಶಸ್ತ್ರಚಿಕಿತ್ಸೆಯ ವಾರದಲ್ಲಿ ಸಹನಾ ಗವಸು ಹಾಕಿ ಮೇಜಿನ ಮುಂದೆ ಕೂತಿರುವಳು. ಅವಳು ಬೋನು ಮುಟ್ಟುವಂತಿಲ್ಲ, ತಲೆಯೆತ್ತಲೂ ಪುರುಸೊತ್ತಿಲ್ಲ. ಅಪ್ಪಲರಾಜು ಮಂಪರು ಹಿಡಿದ ಇಲಿಯನ್ನು ತಂದು ಮಲಗಿಸುವನು. ಮೊದಮೊದಲು ಅವಳು "ಲೆಫ್ಟ್ ಆರ್ ರೈಟ್?" ಎಂದು ಪೂರ್ತಿ ಕೇಳುತ್ತಿದ್ದಳು. ದಣಿವು ಹೆಚ್ಚಿದಂತೆ ಅದು ಸವೆದು ಬರೀ "ರೈಟ್?" ಆಯಿತು. ಬಲಗೈಯದೇ ಎಂದು ಅವಳ ಪ್ರಶ್ನೆ. ಎಲ್ಲ ಸರಿಯಾಗಿದೆಯೇ, ಶುರು ಮಾಡಲೇ ಎಂದು ಇವನಿಗೆ ಕೇಳಿಸಿತು. ಇಲಿ ಅಲುಗದಂತೆ ಹಿಡಿದು ಇವನು ವಿಧೇಯನಾಗಿ "ರೈಟ್ ಮೇಡಂ" ಅನ್ನುತ್ತಿದ್ದ.

ಎಡಗೈಯ ಇಲಿಗಳಲ್ಲಿ ಹೆಚ್ಚಿನವಕ್ಕೆ ಹೀಗೆ ತಪ್ಪು ಪಾರ್ಶ್ವದ ಮಿದುಳು ಹೋಯಿತು. ಆಮೇಲೆ ಪೆಟ್ಟಿಗೆಗೆ ಬಿಟ್ಟಾಗ ಅವು ಎಡಗೈ ಚಾಚಿ ಮೊದಲಿನಂತೆಯೇ ಗುಳಿಗೆ ಎತ್ತಿದವು. ಯಾವುದಕ್ಕೆ ಔಷಧ, ಯಾವುದಕ್ಕೆ ಬರೀ ನೀರು ಎಂದು ತಾಳೆ ನೋಡುವ ಮೊದಲೇ, ಔಷಧದ ಮಹಿಮೆ ಎಂದು ನನಗೂ ಮೈ ಜುಮ್ಮೆಂದಿತು. ಡೈರೆಕ್ಟರು ತಡೆಯಲಾರದೆ ದುಡ್ಡು ಹಾಕಿದವರಿಗೆ ಅಂದೇ ಫೋನು ಮಾಡಿದರು.

ಇಲಿ ಗುಳಿಗೆಯನ್ನು ಒಂದು ಕೈಯಲ್ಲಿ ತರುತ್ತದೆ, ಆದರೆ ತಿನ್ನುವುದು ಎರಡೂ ಕೈಯಲ್ಲಿ ಹಿಡಿದು. ಮರುದಿನ ಒಂದು ಇಲಿ ಎಡಗೈಯಲ್ಲಿ ಗುಳಿಗೆ ತಂದು ಬಾಯಿಗೆ ಇಡುವಾಗ ಅದು ಜಾರಿ ಬಿತ್ತು. ಮತ್ತೆ ತಂದಿತು, ಮತ್ತೆ ಬಿತ್ತು. ಬಗ್ಗಿ ನೋಡಿದೆ. ಬಲಗೈ ಎದೆಗೆ ಅಂಟಿಕೊಂಡು ಚಿಂದಿಯಂತೆ ಜೋತಿತ್ತು. ಯಾರೂ ಕೇಳಿರದ, ಯಾರೂ ಪರೀಕ್ಷಿಸದ ಕೈಯನ್ನು ನಾವು ಕಿತ್ತುಕೊಂಡಿದ್ದೆವು. ಎಡಗೈಯ ಇಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದೆ, ಹೆಚ್ಚಿನವು ಹೀಗೆಯೇ ಇದ್ದವು. ಪಕ್ಕದಲ್ಲಿ ನಿಂತಿದ್ದ ಅಪ್ಪಲರಾಜುಗೆ ಅರ್ಥವಾಗುವುದಕ್ಕೆ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೇಳಿದ್ದು ಒಂದೇ, ಇವಕ್ಕೆ ಇನ್ನು ಗುಳಿಗೆ ಕೈಗೆ ಕೊಡದೆ ಬಾಯಿಗೇ ಇಡಬಹುದಾ ಎಂದು.

ವಿಚಾರಣೆ ಇಂಗ್ಲಿಷಿನಲ್ಲೇ ನಡೆಯಿತು. ಅಪ್ಪಲರಾಜು ಬಾಗಿಲ ಬಳಿ ನಿಂತಿದ್ದ, ಕೂರು ಎಂದು ಯಾರೂ ಅನ್ನಲಿಲ್ಲ. ನೀನು ಏನು ಹೇಳಿದೆ ಎಂದು ಡೈರೆಕ್ಟರು ಕೇಳಿದರು.

"ರೈಟ್ ಅನ್ನಾನು ಸಾರ್," ಎಂದ. ರೈಟ್ ಅಂದೆ ಎಂದು. ಆಮೇಲೆ ನನ್ನ ಕಡೆ ತಿರುಗಿ, ಅದು ತಪ್ಪಾ ಎನ್ನುವಂತೆ ನೋಡಿದ.

ಸಹನಾ ಎದ್ದು ನಿಂತು, ಪೂರ್ತಿ ಕೇಳದೆ ಇದ್ದದ್ದು ತಾನು, ತಪ್ಪು ತನ್ನದು ಎಂದಳು. ಅದನ್ನು ನಾನು ಮರೆಯುವುದಿಲ್ಲ. ಡೈರೆಕ್ಟರು ಅವಳನ್ನು ಕೂರಿಸಿದರು. ಭಾಷೆಯ ನಿಯಮ ನಿಮ್ಮದು ಸಾರ್, ಇವನ ಬಾಯಿಂದ ಇವನ ಭಾಷೆ ಕಿತ್ತುಕೊಂಡವರು ನಾವು ಎಂದು ನಾನೂ ದನಿಯೇರಿಸಿದೆ. ಅವರು ಸಿಟ್ಟಾಗಲಿಲ್ಲ. ಎಲ್ಲರನ್ನೂ ಕಳಿಸಿ ನನ್ನೊಬ್ಬನನ್ನು ಉಳಿಸಿಕೊಂಡು ಸಮಾಧಾನವಾಗಿ, ತೆಲುಗಿನಲ್ಲೇ ಹೇಳಿದರು:

"ನೋಡಿ ಮೂರ್ತಿ ಗಾರು, ದುಡ್ಡು ಹಾಕಿದವರು ಯಾರ ತಪ್ಪು ಅಂತ ಕೇಳ್ತಾರೆ. ಒಂದು ಹೆಸರು ಕೊಡಬೇಕು. ಓದಿದವರ ಹೆಸರು ಕೊಟ್ಟರೆ ಲ್ಯಾಬಿನ ಹೆಸರು ಹೋಗುತ್ತೆ. ಅಟೆಂಡರ್ ಹೆಸರು ಕೊಟ್ಟರೆ ಯಾರದ್ದೂ ಹೋಗಲ್ಲ."

"ಅವನದು ಹೋಗುತ್ತಲ್ಲ ಸಾರ್."

"ಅವನ ಹೆಸರು ಯಾರಿಗೆ ಗೊತ್ತು ಅಂಡಿ?"

ಹತ್ತಿರದ ಸಂಕ್ರಾಂತಿಗೆ ಅವನನ್ನು ಪರ್ಮನೆಂಟ್ ಮಾಡುವುದಾಗಿ ಇದೇ ಮನುಷ್ಯ ಮಾತು ಕೊಟ್ಟಿದ್ದರು. ಅದನ್ನು ನೆನಪಿಸಿದೆ. ನೆನಪಿದೆ ಎಂದರು. ಕಂಟ್ರಾಕ್ಟರಿಗೆ ಒಂದು ಫೋನು ಹೋಯಿತು, ಅಷ್ಟೇ.

ಈಗ ಆ ಕೋಣೆಯಲ್ಲಿ ಎಲ್ಲ ಬದಲಾಗಿದೆ. ಸನ್ನೆಗೋಲಿನಂಥದ್ದೊಂದನ್ನು ಇಲಿ ಎಳೆದರೆ ಎಷ್ಟು ಬಲದಿಂದ ಎಳೆಯಿತೆಂದು ಯಂತ್ರವೇ ಹೇಳುತ್ತದೆ. ಬೆರಳು ಬಿಡಿಸಿದ್ದು, ಮಡಿಸಿದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ. ಯಾವ ಕೈ ಎಂದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಒಳ್ಳೆಯದೇ, ನಮ್ಮ ಕಾಲವೇ ಚೆನ್ನಾಗಿತ್ತು ಎಂದು ಹಾಡುವವನು ನಾನಲ್ಲ. ಹೊಸಬರಿಗೆ ಒಂದೇ ಮಾತು. ಬೋನು ತೊಳೆಯುವವನ ಭಾಷೆಯನ್ನು ಮೊದಲು ಕಲಿಯಿರಿ. ಅವನು ನಿಮ್ಮದನ್ನು ಕಲಿಯಲಿ ಎಂದು ಕೂತರೆ, ಯಾವುದೋ ಜೀವ ಅದರ ಬೆಲೆ ತೆರುತ್ತದೆ. ಇಲಿಯದ್ದೇ ಆಗಬೇಕೆಂದೇನೂ ಇಲ್ಲ.

ನಾಳೆಯಿಂದ ಬರಬೇಡವೆಂದು ಅಪ್ಪಲರಾಜುಗೆ ಕಂಟ್ರಾಕ್ಟರು ಹೇಳಿದ್ದು ಅಂದು ಮಧ್ಯಾಹ್ನ. ಅವನು ಆ ದಿನದ ಬೋನುಗಳನ್ನು ತೊಳೆದು ಮುಗಿಸಿಯೇ ಗುರುತಿನ ಚೀಟಿ ಕೊಟ್ಟ. ಚೀಟಿ ಇಲ್ಲದವರು ಕಂಪನಿ ವ್ಯಾನು ಹತ್ತುವಂತಿಲ್ಲ. ಸಂಜೆ ನಾವೆಲ್ಲ ಹತ್ತಿ ಕೂತೆವು, ಅವನು ಟಿಫಿನ್ ಡಬ್ಬಿಯ ಚೀಲ ಹಿಡಿದು ಗೇಟಿನ ಹೊರಗೆ ನಿಂತಿದ್ದ. ಹತ್ತು ಬಾ ಎಂದು ನಾನು ಕರೆದೆ. ಸೆಕ್ಯೂರಿಟಿಯವನು ಅಡ್ಡ ಬಂದ, ಅಪ್ಪಲರಾಜುವೇ ಬೇಡವೆಂದು ಕೈಯಾಡಿಸಿದ. ಸಹನಾ ಮುಖ ಮುಚ್ಚಿಕೊಂಡಿದ್ದಳು. ಡ್ರೈವರು ಇಂಜಿನ್ ಚಾಲೂ ಮಾಡಿದ, ಆದರೆ ಗೇರು ಹಾಕಲಿಲ್ಲ. ಹಿಂದಿನಿಂದ ಯಾರೋ ಹೋಗೋಣ ಅಂದರು. ಆಗಲೂ ಹಾಕಲಿಲ್ಲ. ಅವನಿಗೆ ಬರಬೇಕಾಗಿದ್ದ ಮಾತು ಬಂದಿರಲಿಲ್ಲ.

ಅಪ್ಪಲರಾಜು ಅದನ್ನು ಕಂಡ. ನಿಧಾನವಾಗಿ ಹತ್ತಿರ ಬಂದು, ತಗಡಿನ ಮೇಲೆ ಎರಡು ಸಲ ತಟ್ಟಿದ.

"ರೈಟ್ ರೈಟ್."

ವ್ಯಾನು ಹೊರಟಿತು. ಹಿಂತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ಗಾಜುವಾಕದ ಸ್ಟಾಪಿನಲ್ಲಿ ನೂಕಾಲಮ್ಮ ಒಬ್ಬಳೇ ಸಿಗಡಿ ಬಸ್ಸಿಗೆ ಕಾಯುತ್ತಿದ್ದಳು. ಅಭ್ಯಾಸಬಲದಿಂದ ನಮ್ಮ ವ್ಯಾನು ಅಲ್ಲಿ ನಿಂತಿತು. ಅವಳು ನನ್ನನ್ನು ನೋಡಿದಳು, ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.